ಮೂರು ನಡುಗಡ್ಡೆಗಳ ಕಡವು

ಅಮೆರಿಕದ ಐಡಹೋ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಗ್ಲೆನ್ಸ್ ಫೆರಿ ಎಂಬ ಚಿಕ್ಕ ಊರಿದೆ. ಸುತ್ತಲೂ ಬೋಳು ಗುಡ್ಡಗಳು, ಬೂದುಬಣ್ಣದ ಕುರುಚಲು ಗಿಡಗಳು. ನಡುವೆ ಸ್ನೇಕ್ ನದಿ ಪಡುವಣಕ್ಕೆ ಹರಿಯುತ್ತದೆ. ಅದರ ಉತ್ತರ ದಂಡೆಯ ಮೇಲೆ, ಮರಗಳ ನೆರಳಿನಲ್ಲಿ, 'ಥ್ರೀ ಐಲೆಂಡ್ ಕ್ರಾಸಿಂಗ್' ಎಂಬ ಸರ್ಕಾರಿ ಉದ್ಯಾನವಿದೆ. ರಜೆಯ ದಿನಗಳಲ್ಲಿ ಸಂಸಾರಸಮೇತ ಬಂದವರು ಇಲ್ಲಿ ಡೇರೆ ಹೂಡಿ ತಂಗುತ್ತಾರೆ. ಆದರೆ ಯಾತ್ರಿಕನು ನೋಡಬೇಕಾದುದು ಎದುರು ದಂಡೆಯನ್ನು. ಅಲ್ಲಿಯ ದಿಬ್ಬದ ಇಳಿಜಾರಿನಲ್ಲಿ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಬಂಡಿಯ ಗಾಲಿಗಳು ಕೊರೆದ ಜಾಡು ಇಂದಿಗೂ ಅಳಿಸಿಲ್ಲ.

ಮಿಸೌರಿಯಿಂದ ಆರೆಗಾನಿಗೆ ಸುಮಾರು 3,200 ಕಿಲೋಮೀಟರುಗಳ ದಾರಿ. ಹೊಲಗದ್ದೆಯ ಆಸೆಯಿಂದ 1840ರ ದಶಕದಲ್ಲಿ ಸಾವಿರಾರು ಕುಟುಂಬಗಳು ಎತ್ತಿನ ಬಂಡಿಗಳಲ್ಲಿ ಹೊರಟವು. ಸ್ನೇಕ್ ನದಿಯ ದಕ್ಷಿಣ ದಂಡೆಯಲ್ಲಿ ಬಹುದೂರ ಸಾಗುವಾಗ ನೀರು ಕಣ್ಣಿಗೆ ಕಾಣುವುದು, ಬಾಯಿಗೆ ಎಟುಕದು. ಕಡಿದಾದ ಕಮರಿಯ ತಳದಲ್ಲಿ ನದಿ, ಮೇಲೆ ಬಾಯಾರಿದ ಎತ್ತುಗಳು. ಈ ಎಡೆಗೆ ಬಂದಾಗ ದಂಡೆ ತಗ್ಗುತ್ತದೆ. ನಡುಗಡ್ಡೆಗಳು ಹೊಳೆಯನ್ನು ಕವಲುಗಳಾಗಿ ಒಡೆಯುತ್ತವೆ. ದಾಟಿದರೆ ಉತ್ತರದ ದಾರಿ ಹತ್ತಿರ, ಹುಲ್ಲು ನೀರಿಗೆ ಕೊರತೆಯಿಲ್ಲ. ದಾಟದಿದ್ದರೆ ಒಣ ಮರಳಿನ ದೂರದ ಹಾದಿ. ಹೊಳೆಯ ರಭಸವನ್ನು ಕಂಡು ಸುಮಾರು ಅರ್ಧದಷ್ಟು ಮಂದಿ ಒಣ ಹಾದಿಯನ್ನೇ ಹಿಡಿದರು. ಅವರನ್ನು ಅಂಜುಬುರುಕರೆನ್ನುವಂತಿಲ್ಲ, ಈ ಕಡವಿನಲ್ಲಿ ಜನ, ಜಾನುವಾರು ಕೊಚ್ಚಿಹೋದುದುಂಟು.

ಆ ದೊಡ್ಡ ವಲಸೆಗೆ ಮುನ್ನವೇ, 1836ರ ಆಗಸ್ಟ್ 13ರಂದು, ಪಾದ್ರಿಗಳ ತಂಡವೊಂದು ಇಲ್ಲಿ ಹೊಳೆ ದಾಟಿತು. ಅದರಲ್ಲಿ ನಾರ್ಸಿಸಾ ವಿಟ್ಮನ್ ಎಂಬ ನವವಧು ಇದ್ದಳು. ತಂಗಿ ಹ್ಯಾರಿಯೆಟ್ ಕೊಟ್ಟಿದ್ದ ಪುಟ್ಟ ಪೆಟ್ಟಿಗೆಯೊಂದು ಅಷ್ಟು ದೂರ ಅವಳ ಸಂಗಡ ಬಂದಿತ್ತು. ಹೊರೆ ಇಳಿಸಲೇಬೇಕೆಂದು ಗಂಡ ಹೇಳಿದಾಗ, ಹಿಂದಿನ ರಾತ್ರಿ ಅವಳು ದಿನಚರಿಯಲ್ಲಿ ಆ ಪೆಟ್ಟಿಗೆಗೆ ವಿದಾಯ ಬರೆದಳು, ತಂಗಿಯನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡಿದಂತೆ. ಬೆಳಗಾಗುವಷ್ಟರಲ್ಲಿ ಮೆಕೇ ಎಂಬ ಸಹಪ್ರಯಾಣಿಕ ಅದನ್ನು ತಾನು ಒಯ್ಯುವೆನೆಂದ; ರಾತ್ರಿಯ ಅಳಲೆಲ್ಲ ವ್ಯರ್ಥವಾಯಿತೆಂದು ಅವಳು ಮರುದಿನ ಬರೆದಿದ್ದಾಳೆ. ಅಂದೇ ಹೊಳೆ ಎದುರಾಯಿತು. ಎತ್ತರದ ಕುದುರೆಯ ಮೇಲೆ ಅವಳು ದಾಟಿದಳು. ಕೊನೆಯ ಕವಲಿನಲ್ಲಿ ಅರ್ಧ ಮೈಲಿ ಪ್ರವಾಹಕ್ಕೆ ಎದುರಾಗಿ ಸಾಗಬೇಕಾಯಿತು. ಗಂಡನ ಬಂಡಿಯಾದರೋ ಹೇಸರಗತ್ತೆಗಳೊಡನೆ ಮಗುಚಿಕೊಂಡಿತು. ಕೊನೆಗೆ ಎರಡು ಬಲವಾದ ಕುದುರೆಗಳನ್ನು ಮುಂದೆ ಕಟ್ಟಿ, ಇಬ್ಬರು ಹಿಂದಿನಿಂದ ಈಜುತ್ತ ಹಿಡಿದುಕೊಂಡು ದಡ ಮುಟ್ಟಿಸಿದರು. ಇಷ್ಟು ಪಾಡುಪಟ್ಟ ಬಂಡಿಯನ್ನು ಕೆಲವೇ ದಿನಗಳಲ್ಲಿ ಬೊಯಿಸಿ ಕೋಟೆಯಲ್ಲಿ ಬಿಟ್ಟುಹೋದರು!

ಕಡವಿನ ಆಳವನ್ನು ಚೆನ್ನಾಗಿ ಬಲ್ಲವರು ಶೊಶೋನಿ ಜನರು. ವಲಸೆಗಾರರು ಅನೇಕ ವೇಳೆ ಅವರನ್ನೇ ದಾರಿ ತೋರಲು ಕರೆದುಕೊಂಡರು. ಮೇಲ್ಭಾಗದ ಸಾಮನ್ ಜಲಪಾತದ ಬಳಿ ಬಟ್ಟೆ, ಗಾಳಗಳನ್ನು ಕೊಟ್ಟು ಅವರಿಂದ ಮೀನು ಪಡೆದರು. ಹೊಳೆ ದಾಟಿಸಿದವರಿಗೆ ಹೊಳೆ ಉಳಿಯಲಿಲ್ಲ. ಅವರಲ್ಲಿ ಹಲವರ ಪಾಲಿಗೆ ಬಂದದ್ದು ಫೋರ್ಟ್ ಹಾಲ್, ಡಕ್ ವ್ಯಾಲಿಗಳಂಥ ಮೀಸಲು ಪ್ರದೇಶ.

1869ರಲ್ಲಿ ಗಸ್ ಗ್ಲೆನ್ ಎಂಬಾತ ತುಸು ಮೇಲೆ ದೋಣಿ ಹೂಡಿದ. ಕಡವಿನ ಕಾಲ ಮುಗಿಯಿತು, ಊರಿಗೆ ಅವನ ಹೆಸರು ಉಳಿಯಿತು. 1883ರಲ್ಲಿ ರೈಲು ಬಂತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಊರವರು ಆಗಸ್ಟ್ ತಿಂಗಳಲ್ಲಿ ಬಂಡಿಗಳನ್ನು ಹೊಳೆಗಿಳಿಸಿ ಹಳೆಯ ದಾಟುವಿಕೆಯನ್ನು ಅಭಿನಯಿಸುತ್ತಿದ್ದರು. ಆ ಉತ್ಸವವೂ ಈಗ ನಿಂತಿದೆ.

ಕಡವಿನ ಕೆಳಗೆ 1901ರಲ್ಲಿ ಸ್ವಾನ್ ಫಾಲ್ಸ್ ಅಣೆಕಟ್ಟು ಎದ್ದಿತು. ಇನ್ನೂ ಕೆಳಗೆ, ಹೆಲ್ಸ್ ಕ್ಯಾನಿಯನ್ ಕಮರಿಯಲ್ಲಿ, 1967ರೊಳಗೆ ಮತ್ತೆ ಮೂರು. ಸಮುದ್ರದಿಂದ ಏರಿಬರುತ್ತಿದ್ದ ಸಾಮನ್ ಮೀನು ಇತ್ತ ಸುಳಿಯುವುದಿಲ್ಲ. ಸ್ಟರ್ಜನ್ ಎಂಬ ಭಾರಿ ಮೀನು ಮಾತ್ರ ಇನ್ನೂ ನದಿಯಲ್ಲಿದೆ. ಗಾಳಕ್ಕೆ ಬಿದ್ದರೂ ಅದನ್ನು ಮರಳಿ ನೀರಿಗೇ ಬಿಡಬೇಕೆಂಬುದು ಅಲ್ಲಿಯ ಕಟ್ಟಳೆ.