ಕಡೆದ ಕಂಬಗಳ ನೆರೆಯಲ್ಲಿ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಮಾದಿಹಳ್ಳಿಯು ಒಂದು ಹೋಬಳಿಯ ಕೇಂದ್ರ. ಬೇಲೂರು, ಹಳೇಬೀಡುಗಳಂಥ ಇಬ್ಬರು ಹಿರಿಯರ ನೆರೆಯಲ್ಲಿ ಕುಳಿತ ಈ ಊರನ್ನು ಪ್ರವಾಸಿಗರು ಗಮನಿಸದೆ ಮುಂದೆ ಸಾಗಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಮಲೆನಾಡು ಸೋತು ಬಯಲುಸೀಮೆ ತೊಡಗುವ ನೆಲವಿದು. ರಾಗಿಯ ಹೊಲ, ತೆಂಗಿನ ತೋಟ, ಕೊಳವೆ ಬಾವಿ, ಟ್ರ್ಯಾಕ್ಟರು ಇವೇ ಇಲ್ಲಿನ ಒಕ್ಕಲುತನದ ಆಧಾರಗಳು. ಪಂಪಿನ ಶಾಫ್ಟು ಸವೆದರೆ, ಬುಷ್ ಸಡಿಲವಾದರೆ ರೈತನು ದೇವರನ್ನು ನೆನೆಯುವುದಕ್ಕೆ ಮೊದಲು ಲೇತ್ ಇರುವ ಅಂಗಡಿಯನ್ನು ನೆನೆಯುತ್ತಾನೆ.

ಈ ಸೀಮೆಗೂ ತಿರುಗಣೆಯ ಕೆಲಸಕ್ಕೂ ಇರುವ ನಂಟು ಇಂದಿನದಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ, 1121ರಲ್ಲಿ ತೊಡಗಿದ ಹಳೇಬೀಡಿನ ಹೊಯ್ಸಳೇಶ್ವರ, ಅರಸೀಕೆರೆಯ ಈಶ್ವರ ದೇವಾಲಯ ಇವುಗಳ ಒಳಗೆ ಕಾಲಿಟ್ಟವರಿಗೆ ಕಡೆದ ಕಂಬಗಳ ಪರಿಚಯವಿದ್ದೇ ಇದೆ. ಅಡಿಯಲ್ಲಿ ಚೌಕನಾದ ಪೀಠ, ಅದರ ಮೇಲೆ ಗಂಟೆಯಾಕಾರ, ಮೇಲೆ ಮೇಲೆ ಬಳೆ ತೊಡಿಸಿದಂಥ ಕಂಕಣಗಳು. ಹಳೇಬೀಡಿನ ಪಾರ್ಶ್ವನಾಥ ಬಸದಿಯಲ್ಲಂತೂ ಕಂಬಗಳ ನುಣುಪು ನೋಡುವವರ ಮುಖವನ್ನೇ ಪ್ರತಿಬಿಂಬಿಸುವಷ್ಟು ಇದೆ. ಗಣಿಯಿಂದ ತೆಗೆದ ಹೊಸದರಲ್ಲಿ ಮೃದುವಾಗಿರುವ ಬಳಪದ ಕಲ್ಲನ್ನು ಒರಟಾಗಿ ಕೆತ್ತಿ, ನಿಲ್ಲಿಸಿ ತಿರುಗಿಸಿ, ಉಳಿಯನ್ನು ಅದಕ್ಕೆ ಒಡ್ಡಿ ಈ ರೂಪ ಕೊಟ್ಟರೆಂದು ವಿದ್ವಾಂಸರು ಊಹಿಸುತ್ತಾರೆ.

ಒಂದು ಕಂಕಣದ ಅಂಚನ್ನು ಕಣ್ಣಿಟ್ಟು ನೋಡಬೇಕು. ಸುತ್ತಲೂ ಒಂದೇ ಆಳ, ಒಂದೇ ಎತ್ತರ. ತಿರುಗುವ ಕಲ್ಲಿನ ಎದುರು ಉಳಿಯು ಕೂದಲೆಳೆಯಷ್ಟು ನಡುಗಿದ್ದರೂ ಆ ಗೆರೆ ಕೆಡುತ್ತಿತ್ತು. ಆದುದರಿಂದ ಅಲ್ಲಿ ಕಲ್ಲನ್ನು ತಿರುಗಿಸಿದ ಜಾಣ್ಮೆಗಿಂತ ಉಳಿಯನ್ನು ಅಲುಗದಂತೆ ಹಿಡಿದ ಜಾಣ್ಮೆಯೇ ಹಿರಿದು. ಯೂರೋಪಿನಲ್ಲಿಯೂ ಲೋಹ ಕಡೆಯುವ ಉಳಿಯನ್ನು ಬಹುಕಾಲ ಕೈಯಲ್ಲಿಯೇ ಹಿಡಿಯುತ್ತಿದ್ದರು. 1800ರ ಸುಮಾರಿಗೆ ಇಂಗ್ಲೆಂಡಿನ ಹೆನ್ರಿ ಮಾಡ್ಸ್ಲೆಯು ಅದನ್ನು ಜಾರುವ ಪೀಠದ ಮೇಲೆ ಬಿಗಿದು ಲೇತಿನ ಚರಿತ್ರೆಯನ್ನೇ ಬದಲಿಸಿದನು. ಇಂದು ಉಳಿಯ ಹಲ್ಲನ್ನು, ಎಂದರೆ ಬಿಟ್ಟನ್ನು, ಹಿಡಿಯುವ ಉಕ್ಕಿನ ತುಂಡಿಗೆ ಟೂಲ್ ಹೋಲ್ಡರ್ ಎಂದು ಹೆಸರು.

ಕನ್ನಡ ನಾಡಿಗೆ ಲೇತ್ ಹೊಸದಲ್ಲ. ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಇವು ಲೇತುಗಳನ್ನು ಇಲ್ಲಿಯೇ ತಯಾರಿಸಿದವು. ಹರಿಹರದ ಆ ಕಾರ್ಖಾನೆ ಮುಚ್ಚಿಹೋಗಿದೆ. ಆದರೆ ಅಂಥ ಯಂತ್ರಗಳ ಆಯುಸ್ಸು ದೊಡ್ಡದು. ಹಳೆಯ ಯಂತ್ರಕ್ಕೆ ತಕ್ಕ ಹೋಲ್ಡರ್ ದೊರೆಯದಿದ್ದಾಗ ಕುಶಲಿಯು ತಾನೇ ಒಂದನ್ನು ಮಾಡಿಕೊಳ್ಳುತ್ತಾನೆ. ಅಂಥವನ್ನು ಗುಜರಿಯ ರಾಶಿಯಲ್ಲಿ ಗುರುತಿಸುವುದು ಹೇಗೆ?

ಮೊದಲನೆಯದಾಗಿ, ಅದರ ಮೇಲೆ ತಯಾರಕನ ಮುದ್ರೆ ಇರುವುದಿಲ್ಲ. ಅರದ ಗುರುತುಗಳಿರುತ್ತವೆ, ಸ್ಕ್ರೂಗಳು ಒಂದಕ್ಕೊಂದು ಹೊಂದಿರುವುದಿಲ್ಲ. ಎರಡನೆಯದಾಗಿ, ತೂತಿನ ಆಕಾರವೇ ಕೆಲಸವನ್ನು ಹೇಳುತ್ತದೆ. ಚೌಕ ತೂತಾದರೆ ಹೊರಮೈ ಕಡೆಯುವ ಬಿಟ್ಟಿಗೆ. ದುಂಡು ತೂತಾದರೆ ಒಳಗೆ ಕೊರೆಯುವ ಸಲಾಕೆಗೆ. ಕಿರಿದಾಗಿ ಎತ್ತರವಾದ ಸೀಳಾದರೆ ತುಂಡರಿಸುವ ಅಲಗಿಗೆ. ತುದಿಯಲ್ಲಿ ಎರಡು ಪುಟ್ಟ ಗಾಲಿಗಳಿದ್ದರೆ ಹಿಡಿಯ ಮೇಲೆ ಚೌಕಳಿ ಒರಟು ಮೂಡಿಸುವುದಕ್ಕೆ. ಮೂರನೆಯದಾಗಿ, ಚೌಕ ತೂತು ತುದಿಯ ಕಡೆಗೆ 15ರಿಂದ 20 ಡಿಗ್ರಿಯಷ್ಟು ಮೇಲಕ್ಕೆ ವಾಲಿದ್ದರೆ ಅದು ಹೈಸ್ಪೀಡ್ ಉಕ್ಕಿನ ಬಿಟ್ಟಿಗಾಗಿ ಮಾಡಿದ್ದು. ಮಟ್ಟಸವಾಗಿದ್ದರೆ ಕಾರ್ಬೈಡ್ ತುದಿಯ ಬಿಟ್ಟಿಗಾಗಿ ಇರಬಹುದು. ಇದನ್ನು ಅರಿಯದೆ ಒಂದರ ಬಿಟ್ಟನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಅದರ ಕೋನ ತಪ್ಪುತ್ತದೆ, ಲೋಹ ಸುಲಿಯುವ ಬದಲು ಹರಿಯುತ್ತದೆ.

ಬಳಸುವುದಕ್ಕೆ ಮುನ್ನ ಸ್ಕ್ರೂಗಳ ಎಳೆ ಸವೆದಿಲ್ಲವೆ, ತೂತಿನ ಬಾಯಲ್ಲಿ ಬಿರುಕಿಲ್ಲವೆ ಎಂದು ನೋಡಬೇಕು. ಹೋಲ್ಡರಿನ ತಳ ಸಮತಟ್ಟಾಗಿಲ್ಲದಿದ್ದರೆ ಎಷ್ಟು ಬಿಗಿದರೂ ಅಲುಗಾಟ ನಿಲ್ಲದು. ಬಿಟ್ಟು ಹೊರಕ್ಕೆ ಚಾಚಿದಷ್ಟೂ ನಡುಕ ಹೆಚ್ಚು. ಆದ್ದರಿಂದ ಕೆಲಸಕ್ಕೆ ಬೇಕಾದಷ್ಟೇ ಚಾಚಿಸಬೇಕು. ಬಿಟ್ಟಿನ ತುದಿಯು ತಿರುಗುವ ಕಂಬಿಯ ಕೇಂದ್ರದ ಎತ್ತರಕ್ಕೆ ಸಮನಾಗಿರಬೇಕು. ತಗ್ಗಾದರೆ ಕೆಳಗೆ ತಗಡು ಇಟ್ಟು ಏರಿಸಬೇಕು. ಇದನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವುಂಟು. ಯಂತ್ರವನ್ನು ನಿಲ್ಲಿಸಿ, ನುಣುಪಾದ ದುಂಡು ಕಂಬಿಗೂ ಬಿಟ್ಟಿನ ತುದಿಗೂ ನಡುವೆ ತೆಳುವಾದ ಉಕ್ಕಿನ ಅಳತೆಪಟ್ಟಿಯನ್ನು ಮೆಲ್ಲಗೆ ಸಿಕ್ಕಿಸಬೇಕು. ಪಟ್ಟಿಯು ನೆಟ್ಟಗೆ ನಿಂತರೆ ಎತ್ತರ ಸರಿ. ಅದರ ಮೇಲ್ತುದಿ ಕೆಲಸಗಾರನ ಕಡೆಗೆ ವಾಲಿದರೆ ಬಿಟ್ಟು ತಗ್ಗು; ಆಚೆಗೆ ವಾಲಿದರೆ ಎತ್ತರ ಹೆಚ್ಚು.

ಇಷ್ಟು ತಿಳಿವಳಿಕೆ ಪುಸ್ತಕಕ್ಕಿಂತ ಹೆಚ್ಚಾಗಿ ಕೈಯಿಂದ ಕೈಗೆ ಬರುವಂಥದು. ಅಂಗಡಿಯ ಹಿರಿಯರು ತೀರಿಕೊಂಡ ಮೇಲೆ ಅವರ ಹೋಲ್ಡರುಗಳು ಕಬ್ಬಿಣದ ತೂಕಕ್ಕೆ ಮಾರಾಟವಾದರೆ, ಯಾವುದು ಯಾವ ಕೆಲಸಕ್ಕೆಂದು ಹೇಳುವವರೇ ಇಲ್ಲವಾಗುತ್ತಾರೆ. ನಷ್ಟವಾಗುವುದು ಕೆಲವು ರೂಪಾಯಿಯ ಉಕ್ಕಲ್ಲ; ಹೊಲ ಒಣಗುವ ಮೊದಲೇ ಪಂಪನ್ನು ಎದ್ದು ನಿಲ್ಲಿಸುತ್ತಿದ್ದ ಬುದ್ಧಿ.

ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೆತ್ತಿಹೋದರು. ಅದರಿಂದಲೇ ಇಂದಿನವರಿಗೆ ಅವರ ಪರಿಚಯ. ತನ್ನ ಕೈಯಿಂದ ಹೋಲ್ಡರ್ ಮಾಡಿದವನು ಅದರ ಬೆನ್ನಿನ ಮೇಲೆ ಬಿಟ್ಟಿನ ಅಳತೆಯನ್ನೂ ಕೆಲಸವನ್ನೂ ನಾಲ್ಕು ಅಕ್ಷರಗಳಲ್ಲಿ ಕೊರೆದಿಟ್ಟರೆ ಸಾಕು. ಮುಂದೆ ಅದನ್ನು ಎತ್ತಿಕೊಳ್ಳುವ ಕೈಗೆ ಅದೇ ಶಾಸನವಾದೀತು.