ಅಗ್ನಿಮಾಂದ್ಯ: ಒಂದು ಓತಿಯ ಉಪವಾಸದ ಸುತ್ತ

ಪ್ರಾಣಿಗಳ ರೋಗಗಳ ಬಗ್ಗೆ ಕನ್ನಡದ ಶಾಸ್ತ್ರಸಾಹಿತ್ಯ ಮೌನವಾಗಿಲ್ಲ. ಚಾಲುಕ್ಯ ರಾಜವಂಶಕ್ಕೆ ಸೇರಿದ ಕೀರ್ತಿವರ್ಮನ 'ಗೋವೈದ್ಯ', ಅಭಿನವಚಂದ್ರನ 'ಅಶ್ವವೈದ್ಯ', ವಿಷಚಿಕಿತ್ಸೆಗೆ ಮೀಸಲಾದ ಮಂಗರಾಜನ 'ಖಗೇಂದ್ರಮಣಿದರ್ಪಣ' ಈ ಪರಂಪರೆಯ ಪ್ರಸಿದ್ಧ ಕೃತಿಗಳು. ಹಸು ಮತ್ತು ಕುದುರೆ ಇಲ್ಲಿ ರೋಗಿಗಳು. ಹಾವಾದರೋ ವಿಷದ ಮೂಲ. ಸರೀಸೃಪವೊಂದು ರೋಗಿಯಾಗಿ ಎದುರಾದರೆ ಏನು ಮಾಡಬೇಕೆಂಬ ಪ್ರಶ್ನೆ ಕಳೆದ ಡಿಸೆಂಬರಿನಲ್ಲಿ ನನ್ನ ಮುಂದೆ ಬಂದಿತು.

ಶಹಾಪುರದಲ್ಲಿ ಶಿಕ್ಷಕಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಗೆ ಬರುವಾಗ ತಾನು ಸಾಕಿದ್ದ 'ಬಿಯರ್ಡೆಡ್ ಡ್ರ್ಯಾಗನ್' ಎಂಬ ಓತಿಯನ್ನು ಗಾಜಿನ ತೊಟ್ಟಿಯ ಸಮೇತ ತಂದಿದ್ದ. "ಸರ್, ಗೋವೈದ್ಯದ ಪಾಠ ಹೇಳಿದವರು ನೀವೇ. ಈ ಪ್ರಾಣಿ ಹನ್ನೆರಡು ದಿನದಿಂದ ಏನೂ ತಿಂದಿಲ್ರಿ, ಒಮ್ಮೆ ಬಂದು ನೋಡ್ರಿ" ಎಂದು ತಾಯಿ ಸುರಪುರದಲ್ಲಿದ್ದ ನನಗೆ ಫೋನು ಮಾಡಿದರು. ವೈದ್ಯ ನನಗೆ ತಿಳಿಯದು. ಆದರೂ ಆ ದನಿಯ ಆತಂಕಕ್ಕೆ ಓಗೊಟ್ಟು ಹೋದೆ.

ಈ ಜೀವಿ ಆಸ್ಟ್ರೇಲಿಯಾದ ಒಳನಾಡಿನ ಶುಷ್ಕ ಪ್ರದೇಶದ್ದು. ನಮ್ಮ ಬೇಲಿಗಳ ಮೇಲೆ ಕತ್ತು ಕುಣಿಸುವ ಓತಿಕ್ಯಾತ ಇದರ ಕುಟುಂಬದ್ದೇ. ಕೆರಳಿದಾಗ ಗಂಟಲಿನ ಚರ್ಮ ಉಬ್ಬಿ ಕಪ್ಪಾಗುವುದರಿಂದ ಇದಕ್ಕೆ ಗಡ್ಡದ ಹೆಸರು ಅಂಟಿದೆ. ನಾನು ಕಂಡಾಗ ಆ ಗಡ್ಡ ಜೋತುಬಿದ್ದಿತ್ತು. ಹೆಚ್ಚಿದ ಸೊಪ್ಪು, ಹುಳುಗಳು ಮುಂದೆಯೇ ಇದ್ದರೂ ಅದು ಕಣ್ಣೆತ್ತಿ ನೋಡಲಿಲ್ಲ.

ತಾಲ್ಲೂಕಿನ ಪಶುವೈದ್ಯರು ಎಮ್ಮೆ, ಕುರಿ, ಮೇಕೆಗಳನ್ನು ಬಲ್ಲವರು. ಅವರು ಸಂಕೋಚಪಡದೆ ಬೆಂಗಳೂರಿನ ತಜ್ಞರೊಬ್ಬರನ್ನು ಫೋನಿನಲ್ಲಿ ವಿಚಾರಿಸಿದರು. ತಜ್ಞರ ಮೊದಲ ಪ್ರಶ್ನೆ ಏನು ತಿನ್ನಿಸುತ್ತೀರಿ ಎಂಬುದಲ್ಲ, ತೊಟ್ಟಿಯೊಳಗೆ ಎಷ್ಟು ಶಾಖವಿದೆ ಎಂಬುದು. ಹುಡುಗ ದೀಪಗಳನ್ನು ಬೆಂಗಳೂರಿನಲ್ಲಿಯೇ ಬಿಟ್ಟುಬಂದಿದ್ದ. ಬಿಸಿಲ ನಾಡಿಗೆ ದೀಪವೇಕೆ ಎಂಬುದು ಅವನ ತರ್ಕ. ಆದರೆ ತೊಟ್ಟಿ ಇದ್ದದ್ದು ದಪ್ಪ ಕಲ್ಲುಗೋಡೆಯ ಕೋಣೆಯಲ್ಲಿ, ತಣ್ಣನೆಯ ಹಾಸುಗಲ್ಲಿನ ಮೇಲೆ. ಬೇಸಗೆಯಲ್ಲಿ ನಮ್ಮನ್ನು ಕಾಯುವ ಆ ಮನೆ ಮಾಗಿಯಲ್ಲಿ ಓತಿಗೆ ಕಂಟಕವಾಗಿತ್ತು.

ಹಸಿವು ಕುಂದುವುದನ್ನು ನಮ್ಮ ವೈದ್ಯಪರಂಪರೆ 'ಅಗ್ನಿಮಾಂದ್ಯ' ಎಂದು ಕರೆಯುತ್ತದೆ. ಮನುಷ್ಯನ ಜಠರಾಗ್ನಿ ಒಳಗಿದೆ. ಓತಿಯ ಜೀರ್ಣಕ್ರಿಯೆ ಹೊರಗಿನ ಶಾಖವನ್ನು ಅವಲಂಬಿಸಿದೆ. ಅದರ ಅಗ್ನಿ ಆಕಾಶದಲ್ಲಿದೆ ಎನ್ನಬಹುದು. ಬಿಯರ್ಡೆಡ್ ಡ್ರ್ಯಾಗನ್ ಮೈಕಾಯಿಸುವ ಜಾಗದಲ್ಲಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು, ತೊಟ್ಟಿಯ ಮತ್ತೊಂದು ತುದಿ ತಂಪಾಗಿರಬೇಕು. ತಣ್ಣಗಿರುವ ಓತಿಗೆ ಬಲವಂತವಾಗಿ ತಿನ್ನಿಸಿದರೆ ಆಹಾರ ಹೊಟ್ಟೆಯಲ್ಲಿಯೇ ಕೊಳೆಯಬಹುದು. ಆದ್ದರಿಂದ ಮೊದಲು ಶಾಖ, ಅನಂತರ ನೀರು, ಕೊನೆಗೆ ಅನ್ನ. ಈ ಅರ್ಥದಲ್ಲಿ 'ಅಗ್ನಿಮಾಂದ್ಯ' ಎಂಬ ಮಾತು ಮನುಷ್ಯನಿಗಿಂತ ಓತಿಗೆ ಹೆಚ್ಚು ಅಕ್ಷರಶಃ ಒಪ್ಪುತ್ತದೆ.

ಎಲ್ಲ ಉಪವಾಸವೂ ರೋಗವಲ್ಲ. ಪೊರೆ ಬಿಡುವಾಗ, ಮೊಟ್ಟೆ ತುಂಬಿದಾಗ, ಚಳಿಗಾಲದ ಜಡತೆಯಲ್ಲಿ ಇವು ಆಹಾರ ಕಡಿಮೆ ಮಾಡುತ್ತವೆ. ಚಳಿಗಾಲದ ಜಡತೆಯಲ್ಲಿ ಆರೋಗ್ಯವಂತ ಪ್ರಾಣಿಯ ತೂಕ ಹೆಚ್ಚು ಇಳಿಯುವುದಿಲ್ಲ. ಇದರ ತೂಕ ಅಡುಗೆಮನೆಯ ತಕ್ಕಡಿಯಲ್ಲಿ ದಿನದಿನಕ್ಕೆ ಇಳಿಯುತ್ತಿತ್ತು. ಯಾದಗಿರಿಯಲ್ಲಿ ಮಾಡಿಸಿದ ಮಲಪರೀಕ್ಷೆಯಲ್ಲಿ ಪರಾವಲಂಬಿಗಳು ಕಾಣಲಿಲ್ಲ. ಆದರೆ ಕೆಳದವಡೆ ಮೆತ್ತಗಾಗಿತ್ತು, ಹಿಂಗಾಲಿನಲ್ಲಿ ನಡುಕವಿತ್ತು. ಅದು ಮೂಳೆಯ ರೋಗದ ಲಕ್ಷಣ. ಸೂರ್ಯನ ಯುವಿಬಿ ಕಿರಣಗಳಿಲ್ಲದೆ ಈ ಜೀವಿಯ ಮೈಯಲ್ಲಿ ವಿಟಮಿನ್ ಡಿ3 ಸಾಕಷ್ಟು ಉಂಟಾಗದು. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದು. ಕಿಟಕಿಯ ಗಾಜು ಬೆಳಕನ್ನು ಒಳಗೆ ಬಿಟ್ಟರೂ ಯುವಿಬಿಯನ್ನು ತಡೆಯುತ್ತದೆ. ಹಾಗೆಂದು ಗಾಜಿನ ತೊಟ್ಟಿಯನ್ನೇ ಬಿಸಿಲಿಗಿಟ್ಟರೆ ಒಳಗಿನ ಸೆಖೆಯಿಂದ ಪ್ರಾಣಿ ಸಾಯುತ್ತದೆ. ಪಾಲಕ್ ಸೊಪ್ಪಿನ ಆಕ್ಸಲೇಟು ಕ್ಯಾಲ್ಸಿಯಮ್ಮನ್ನು ಹಿಡಿದಿಡುವುದರಿಂದ, ಅಕ್ಕರೆಯಿಂದ ದಿನವೂ ಕೊಟ್ಟ ಪಾಲಕ್ ಕೂಡ ಅಪಕಾರವೇ.

ಶಾಖದ ದೀಪ ಮತ್ತು ಯುವಿಬಿ ದೀಪ ಬೆಂಗಳೂರಿನಿಂದ ಬಂದವು. ಬೆಳಗಿನ ಎಳೆಬಿಸಿಲಿಗೆ ಜಾಲರಿಯ ಪೆಟ್ಟಿಗೆಯಲ್ಲಿ, ಅರ್ಧಕ್ಕೆ ನೆರಳು ಮಾಡಿ, ಮಾಳಿಗೆಯ ಮೇಲಿಡುವುದು ತಾಯಿಯ ಕೆಲಸವಾಯಿತು. ವೈದ್ಯರು ಹೇಳಿದ ಪ್ರಮಾಣದಲ್ಲಿ ಕ್ಯಾಲ್ಸಿಯಂ ಕೊಡಲಾಯಿತು. ಏಳನೆಯ ದಿನ ಅದು ನೀರು ನೆಕ್ಕಿತು. ಒಂಬತ್ತನೆಯ ದಿನ ಒಂದು ಹುಳುವನ್ನು ತಿಂದಿತು. ಆ ಸಂಜೆ ಹುಡುಗ ನನಗೆ ಕಳಿಸಿದ ಸಂದೇಶದಲ್ಲಿ ಇದ್ದುದು ಎರಡೇ ಪದ: "ತಿಂತು ಸರ್".

ಬಾಗಿದ ಮೂಳೆ ಪೂರ್ತಿ ನೆಟ್ಟಗಾಗುವುದಿಲ್ಲವೆಂದು ತಜ್ಞರು ಮೊದಲೇ ತಿಳಿಸಿದ್ದರು. ಅದರ ಕೆಳದವಡೆ ಈಗಲೂ ಸ್ವಲ್ಪ ಓರೆ. ಗಟ್ಟಿ ಆಹಾರವನ್ನು ಅಗಿಯಲು ಆಗದ ಕಾರಣ ತಾಯಿ ನುಗ್ಗಾದ ಸೊಪ್ಪನ್ನು ಸಣ್ಣಗೆ ಹೆಚ್ಚಿಡುತ್ತಾರೆ. ರಜೆ ಮುಗಿದರೂ ಓತಿ ಶಹಾಪುರದಲ್ಲಿಯೇ ಉಳಿದಿದೆ. ಪ್ರಯಾಣ ತಾಳುವಷ್ಟು ಗಟ್ಟಿಯಾಗುವವರೆಗೆ ಅದನ್ನು ಕದಲಿಸುವುದು ಬೇಡವೆಂದು ಹುಡುಗನೇ ನಿರ್ಧರಿಸಿ ಹೋದನು.