ಕೊಂಬೆ ಹಿಡಿದ ಕೈ

ಬಿ.ಎ.ಯಲ್ಲಿ ನಮಗೆ ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ಪಠ್ಯವಾಗಿತ್ತು. ಅದರಲ್ಲಿ ಒಫೀಲಿಯಾ ನೀರುಪಾಲಾಗುವುದು ರಂಗದ ಮೇಲೆ ನಡೆಯುವುದಿಲ್ಲ. ಕೊಂಬೆ ಮುರಿದು ಬಿದ್ದಳೆಂದು ರಾಣಿ ಬಂದು ಹೇಳುತ್ತಾಳೆ, ಅಷ್ಟೆ. ಆಮೇಲೆ ಗುಂಡಿ ತೋಡುವವರು, ತಾನಾಗಿ ಸತ್ತವಳಿಗೆ ಇಷ್ಟೆಲ್ಲ ಮರ್ಯಾದೆಯೇ ಎಂದು ತಮಾಷೆ ಮಾಡುತ್ತಾರೆ. ನಮ್ಮ ಮೇಷ್ಟ್ರು “ಪಾಪ, ಅಬಲೆ” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನಾನೂ ಹಾಗೇ ಬರೆದು ಪಾಸಾದೆ.

ಮೊನ್ನೆ ಮಗಳು ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಆ ಸಾವು ಚಿತ್ರವಾಗಿ ಕಣ್ಣಿಗೆ ಬಿತ್ತು. ಬರೆದವನು ಫ್ರಾನ್ಸಿನ ಯುಜೀನ್ ದೆಲಕ್ರುವಾ. 1827ರಲ್ಲಿ ಇಂಗ್ಲಿಷ್ ನಟರು ಪ್ಯಾರಿಸ್ಸಿಗೆ ಬಂದು ಈ ನಾಟಕ ಆಡಿದಾಗ ಅಲ್ಲಿನ ಕವಿಗಳು, ಕಲಾವಿದರೆಲ್ಲ ಮರುಳಾಗಿದ್ದರು. ದೆಲಕ್ರುವಾ 1834ರಿಂದ 1843ರವರೆಗೆ ಇದರ ದೃಶ್ಯಗಳನ್ನು 16 ಕಲ್ಲುಗಳ ಮೇಲೆ ಬರೆದ. 13ನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ. ಹದಿನಾರೂ ಒಟ್ಟಿಗೆ ಹೊರಬಂದದ್ದು ಅವನು ತೀರಿಕೊಂಡ ಮರುವರ್ಷ, 1864ರಲ್ಲಿ.

ಈ ಕಲ್ಲಚ್ಚಿನ ಕೆಲಸ ನಮ್ಮ ಅಡುಗೆಮನೆಯ ಜ್ಞಾನವೇ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆಯಬೇಕು. ಕಲ್ಲನ್ನು ಒದ್ದೆ ಮಾಡಿ ಜಿಡ್ಡಿನ ಶಾಯಿ ಸವರಬೇಕು. ಎಣ್ಣೆಗೂ ನೀರಿಗೂ ಕೂಡುವುದಿಲ್ಲವಲ್ಲ, ಶಾಯಿ ಗೆರೆಗೆ ಮಾತ್ರ ಅಂಟುತ್ತದೆ. ನಮ್ಮ ಗೋಡೆಗಳ ಮೇಲಿದ್ದ ರವಿವರ್ಮನ ಲಕ್ಷ್ಮಿ, ಸರಸ್ವತಿಯರೂ ಹೀಗೆ ಕಲ್ಲಿನಿಂದಲೇ ಇಳಿದು ಬಂದವರು. ಕೆತ್ತುವ ಗೋಜಿಲ್ಲದ್ದರಿಂದ ಕೈ ಹೇಗೆ ಆಡಿತೋ ಹಾಗೇ ಗೆರೆ ಉಳಿಯುತ್ತದೆ.

ಚಿತ್ರದಲ್ಲಿ ಒಫೀಲಿಯಾಳ ಅರ್ಧ ಮೈ ನೀರಿನಲ್ಲಿದೆ. ಒಂದು ಕೈ ಹೂಗಳನ್ನು ಎದೆಗೆ ಅವುಚಿಕೊಂಡಿದೆ. ಇನ್ನೊಂದು ಕೈ ಮೇಲಿನ ಕೊಂಬೆಯನ್ನು ಹಿಡಿದಿದೆ. ಬಿಟ್ಟಿಲ್ಲ. ನಾಟಕದಲ್ಲಿ ಎಲ್ಲರೂ ಅವಳ ಬಗ್ಗೆ ಮಾತಾಡುತ್ತಾರೆ. ಇವನೊಬ್ಬ ಅವಳ ಕೈ ನೋಡಿದ್ದಾನೆ.

ನಾನು ಚಿಕ್ಕವಳಿದ್ದಾಗ ಪಕ್ಕದ ಮನೆಯ ಅಕ್ಕ ನೀರು ಸೇದಲು ಹೋದವಳು ಬಾವಿಯ ಪಾಲಾದಳು. ಜಾರಿದಳು ಎಂದವರು ಒಬ್ಬಿಬ್ಬರು. ಹಾರಿಕೊಂಡಳು ಎಂದು ಬೀದಿಯೆಲ್ಲ ಹೇಳಿತು. ಯಾಕೆ ಎನ್ನುವುದಕ್ಕೆ ಕತೆಗಳೂ ಹುಟ್ಟಿದವು. ಮೇಲೆತ್ತಿದಾಗ ಹಗ್ಗ ಅವಳ ಮುಷ್ಟಿಯಲ್ಲೇ ಇತ್ತೆಂದು ಅಮ್ಮ ಒಮ್ಮೆ ಹೇಳಿದ್ದಳು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ನನ್ನ ಕಿವಿಗೆ ಬಿದ್ದಿತ್ತು, ಆದರೂ ಇಷ್ಟು ವರ್ಷ ನಾನೂ ‘ಹಾರಿಕೊಂಡ ಅಕ್ಕ’ ಎಂದೇ ನೆನೆಯುತ್ತಿದ್ದೆ.

“ಯಾಕಮ್ಮಾ, ಸುಮ್ಮನಾದೆ?” ಎಂದಳು ಮಗಳು.

ಪುಸ್ತಕ ಮುಚ್ಚಿ ಅವಳಿಗೆ ಅಕ್ಕನ ಕತೆ ಹೇಳಿದೆ. ಹಗ್ಗದಿಂದಲೇ ಶುರು ಮಾಡಿದೆ.